ಹಳೆಯ 9.9 ಮಿಷನ್‌ಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಎಳೆತ: ನಾಡದೋಣಿಯವರಿಗೆ ಸಮಗ್ರ ಮಾರ್ಗದರ್ಶಿ

ಗಂಗೊಳ್ಳಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಮೀನು ತುಂಬಿಕೊಂಡು ವಾಪಸ್ ಬರುವುದು ಎಂದರೆ ಪಂಚಗಂಗಾವಳಿಯ ನೀರು ಎದುರಿಗೆ, ಒಡೆಯುವ ತೆರೆ ಬೆನ್ನಿಗೆ. ಆ ನೂರಿನ್ನೂರು ಮಾರು ದಾಟುವಾಗ ವೇಗ ಏರಿಸುವ ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ದೋಣಿಯ ಹಿಂದೆ ಕೂರಿಸಿದ 9.9 ಅಶ್ವಶಕ್ತಿಯ ಮಿಷನ್ (ಔಟ್‌ಬೋರ್ಡ್ ಎಂಜಿನ್) ಎಳೆಯದಿದ್ದರೆ ದೋಣಿ ಅಡ್ಡ ತಿರುಗುತ್ತದೆ. ನಮ್ಮ ಮನೆಯ ದೋಣಿಗೆ ಒಮ್ಮೆ ಹಾಗಾಯಿತು. ದೇವರ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಬಲೆ ಒದ್ದೆಯಾಯಿತು, ಒಂದಿಷ್ಟು ಮೀನು ಹೋಯಿತು. ದಡಕ್ಕೆ ಬಂದ ಮೇಲೆ ಅಪ್ಪಯ್ಯ ಅಂದದ್ದು ಒಂದೇ ಮಾತು: "ಮಿಷನಿಗೆ ವಯಸ್ಸಾಯ್ತ್, ಹದ್ನೈದ್ರದ್ ತಕಂಬ."

ಹದಿನೈದು ಅಶ್ವಶಕ್ತಿಯದ್ದು ತೆಗೆದುಕೊಳ್ಳುವ ಮೊದಲು ಇದ್ದದ್ದನ್ನು ಪೂರ್ತಿ ಬಿಚ್ಚಿ ನೋಡೋಣ ಎಂದು ನಾನು ಹಟ ಹಿಡಿದೆ. ಸಿಕ್ಕಿದ್ದು ಎರಡು ದೋಷ. ಆಕ್ಸಿಲೇಟರ್ ಕೇಬಲ್ ಜಗ್ಗಿತ್ತು, ನೀರು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಒಳಗಿನ ರಬ್ಬರ್ ಬುಷ್ ಜಾರುತ್ತಿತ್ತು. ಎಂಜಿನ್‌ನ ಹೊಟ್ಟೆಯೊಳಗೆ ಏನೂ ಆಗಿರಲಿಲ್ಲ. ಆಮೇಲೆ ಊರಿನ ಹತ್ತಾರು ಮಿಷನ್ ನೋಡಿದ್ದೇನೆ. "ಎಳೂದಿಲ್ಲ" ಎಂದು ತಂದ ಹೆಚ್ಚಿನವು ಮುಪ್ಪಿನಿಂದ ಸೋತವಲ್ಲ. 9.9 ಎಂದು ಹುಡ್ ಮೇಲೆ ಬರೆದಿರುವ ಆ ಶಕ್ತಿ ಅಲ್ಲಿ ಇಲ್ಲಿ ಸೋರಿ ಹೋಗಿರುತ್ತದೆ. ಸೋರುವ ಜಾಗ ಒಂದೊಂದಾಗಿ ಮುಚ್ಚಿದರೆ ಸಿಗುವುದೇ ಅತಿ ಅಗ್ಗದ ಶಕ್ತಿ.

ನಮಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಅವಧಿಯಲ್ಲಿ ಕಡಲಿಗಿಳಿಯಲು ಬಿಡುವುದು 10 ಅಶ್ವಶಕ್ತಿಯೊಳಗಿನ ಮಿಷನ್ ಇರುವ ನಾಡದೋಣಿಗೆ. ಮಳೆಗಾಲದ ಮೀನೇ ವರ್ಷದ ದುಡಿಮೆಯಾಗಿರುವ ಮನೆಗೆ ಆ ಮಿತಿ ದಾಟುವುದರಿಂದ ನಷ್ಟವೇ ಹೆಚ್ಚು. ಹಾಗಾಗಿ ಇಲ್ಲಿ ಹೇಳುವ ಬಹುಪಾಲು ಕೆಲಸ 9.9ರಿಂದ ನಿಜವಾದ 9.9 ಹೊರಡಿಸುವುದಕ್ಕೆ. ಹೇಳುವುದೆಲ್ಲ ನಮ್ಮ ಕಡೆ ಹೆಚ್ಚಾಗಿರುವ ಎರಡು ಸಿಲಿಂಡರಿನ ಟು-ಸ್ಟ್ರೋಕ್ ಮಿಷನ್‌ಗಳ ಬಗ್ಗೆ.

ಸ್ಪ್ಯಾನರ್ ಹಿಡಿಯುವ ಮೊದಲು ಅಳೆಯಿರಿ

"ಮೊದಲಿನಷ್ಟು ಓಡುವುದಿಲ್ಲ" ಎಂಬುದು ಅಂದಾಜು. ಅಂದಾಜಿನ ಮೇಲೆ ಸಾಮಾನು ಕೊಂಡರೆ ದುಡ್ಡು ನೀರಿಗೆ ಹಾಕಿದಂತೆ. ಬೇಕಾದದ್ದು ಎರಡು ಅಂಕಿ: ಪೂರ್ತಿ ಹ್ಯಾಂಡಲ್‌ನಲ್ಲಿ ದೋಣಿಯ ವೇಗ, ಮತ್ತು ಮಿಷನ್ ನಿಮಿಷಕ್ಕೆ ಎಷ್ಟು ಸುತ್ತು ಹೊಡೆಯುತ್ತದೆ ಎಂಬುದು.

ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ಸುತ್ತು ನೋಡಲು ಪ್ಲಗ್ ವಯರಿಗೆ ಸುತ್ತಿ ಕಟ್ಟುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ. ಇಡೀ ಕೆಲಸದಲ್ಲಿ ಕೊಳ್ಳಲೇಬೇಕಾದ ಒಂದು ವಸ್ತು ಇದ್ದರೆ ಅದು ಇದು. ಕೆಲವು ಮಿಷನ್‌ಗಳಲ್ಲಿ ಒಂದೇ ಕಾಯಿಲ್‌ನಿಂದ ಎರಡೂ ಪ್ಲಗ್‌ಗೆ ಒಟ್ಟಿಗೆ ಕಿಡಿ ಹೋಗುತ್ತದೆ, ಆಗ ಮೀಟರ್ ಎರಡು ಪಟ್ಟು ತೋರಿಸುತ್ತದೆ. ನಿಧಾನ ಓಟದಲ್ಲಿ ಸಾವಿರದ ಆಸುಪಾಸು ಇರಬೇಕಾದದ್ದು ಎರಡು ಸಾವಿರ ತೋರಿಸಿದರೆ ಮೀಟರಿನ ಸೆಟ್ಟಿಂಗ್ ಬದಲಿಸಿ.

ಅಳೆಯುವಾಗ ದೋಣಿಯಲ್ಲಿ ನಿತ್ಯದ ಬಲೆ, ಐಸ್, ಜನ ಎಲ್ಲ ಇರಲಿ. ಹೊಳೆಯ ಒಂದೇ ಜಾಗದಲ್ಲಿ ನೀರಿನ ಜೊತೆಗೊಮ್ಮೆ, ನೀರಿಗೆ ಎದುರಾಗಿ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಈ ಗಾತ್ರದ ಟು-ಸ್ಟ್ರೋಕ್‌ಗಳಿಗೆ ಕಂಪನಿಯವರು ಸಾಮಾನ್ಯವಾಗಿ ಹೇಳುವುದು ಪೂರ್ತಿ ಹ್ಯಾಂಡಲ್‌ನಲ್ಲಿ 4,500ರಿಂದ 5,500 ಸುತ್ತು. ನಿಮ್ಮ ಮಾದರಿಯದ್ದನ್ನು ಅದರ ಪುಸ್ತಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. 4,500 ಮುಟ್ಟದಿದ್ದರೆ ನಿಮ್ಮ 9.9 ಅಲ್ಲಿ ಪೂರ್ತಿ ಕೆಲಸ ಮಾಡುತ್ತಿಲ್ಲ. ಟು-ಸ್ಟ್ರೋಕ್ ತನ್ನ ಶಕ್ತಿ ಕೊಡುವುದು ಮೇಲಿನ ಸುತ್ತಿನಲ್ಲಿ.

ಇದೇ ಹೊತ್ತಿಗೆ ದೋಣಿಯ ತಳವನ್ನೂ ನೋಡಿ. ಚಿಪ್ಪು, ಪಾಚಿ ಕೆರೆದು ತೆಗೆಯಿರಿ. ಅಡಿಯಲ್ಲಿ ನಿಂತ ನೀರು ಲೀಟರಿಗೆ ಒಂದು ಕಿಲೋ ಭಾರ. ಬಳಸದ ಹಗ್ಗ, ಒದ್ದೆ ಹಳೆಬಲೆ, ಎರಡನೇ ಲಂಗರು ಎಲ್ಲ ದಡಕ್ಕೆ ಹಾಕಿ. ಇದಕ್ಕೆ ಕಾಸು ಖರ್ಚಿಲ್ಲ.

ಕಂಪ್ರೆಷನ್: ಮುಂದೆ ಹೋಗಬೇಕೋ ಬೇಡವೋ

ಕಂಪ್ರೆಷನ್ ಎಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ. ಮಿಷನ್ ಬಿಸಿ ಮಾಡಿ ನಿಲ್ಲಿಸಿ. ಎರಡೂ ಪ್ಲಗ್ ತೆಗೆದು, ಪ್ಲಗ್ ವಯರುಗಳನ್ನು ಎಂಜಿನ್ನಿನ ಲೋಹಕ್ಕೆ ಅರ್ಥ್ ಮಾಡಿ. ಹಾಗೇ ಬಿಟ್ಟು ಹಗ್ಗ ಎಳೆದರೆ ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟುಹೋಗಬಹುದು. ಹ್ಯಾಂಡಲ್ ಪೂರ್ತಿ ತೆರೆದು, ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಐದಾರು ಸಲ ಜೋರಾಗಿ ಹಗ್ಗ ಎಳೆಯಿರಿ. ಇನ್ನೊಂದು ಸಿಲಿಂಡರಿಗೂ ಅಷ್ಟೇ ಸಲ, ಅಷ್ಟೇ ಜೋರಿನಲ್ಲಿ.

ಗೇಜಿನಿಂದ ಗೇಜಿಗೆ ಅಂಕಿ ಬದಲಾಗುತ್ತದೆ. ಸೀಮೆಎಣ್ಣೆ ಮಾದರಿಗಳಲ್ಲಿ ಕಂಪ್ರೆಷನ್ ಹುಟ್ಟಿನಿಂದಲೇ ಕಡಿಮೆ. ಆದ್ದರಿಂದ ಮುಖ್ಯವಾದದ್ದು ಎರಡು ಸಿಲಿಂಡರಿನ ನಡುವಿನ ಅಂತರ. ಅದು ಶೇ. 10ರೊಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಹೆಚ್ಚಿದ್ದರೆ, ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ ಅಥವಾ ಕರಿ ಹಿಡಿದು ಅಂಟಿಕೊಂಡಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ಒಂದು ಸಿಲಿಂಡರ್ ನಿಜವಾಗಿ ಸತ್ತಿರುವ ಮಿಷನ್‌ಗೆ ಕೆಳಗಿನ ಯಾವ ಉಪಾಯವೂ ನಾಟುವುದಿಲ್ಲ. ಆ ದುಡ್ಡನ್ನು ಪಿಸ್ಟನ್–ರಿಂಗ್‌ಗೆ ಎತ್ತಿಡಿ.

ಹ್ಯಾಂಡಲ್ ಪೂರ್ತಿ ತಿರುಗಿದರೆ ಒಳಗೂ ಪೂರ್ತಿ ತೆರೆಯುತ್ತದೆಯೇ?

ನಮ್ಮ ಮಿಷನ್‌ನಲ್ಲಿ ಮೊದಲು ಸಿಕ್ಕಿದ ದೋಷ ಇದು. ಇವತ್ತಿಗೂ ಯಾರ ಮಿಷನ್ ಬಂದರೂ ನಾನು ಮೊದಲು ನೋಡುವುದು ಇಲ್ಲೇ.

ಎಂಜಿನ್ ಬಂದ್ ಇರಲಿ. ಪ್ಲಗ್ ತೆಗೆದೇ ಇರುವುದರಿಂದ ಫ್ಲೈವೀಲನ್ನು ಕೈಯಲ್ಲಿ ತಿರುಗಿಸುತ್ತ ಗೇರನ್ನು ಮುಂದಕ್ಕೆ ಹಾಕಿ. ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗದಂತೆ ತಡೆ ಇರುವ ಮಾದರಿಗಳು ಬಹಳ. ಈಗ ಒಬ್ಬರು ಹ್ಯಾಂಡಲ್ ಪೂರ್ತಿ ತಿರುಗಿಸಿ ಹಿಡಿಯಲಿ, ಇನ್ನೊಬ್ಬರು ಗಾಳಿ ಎಳೆಯುವ ಮುಚ್ಚಳ ತೆಗೆದು ಕಾರ್ಬ್ಯುರೇಟರ್ ಬಾಯಿಯೊಳಗೆ ಟಾರ್ಚ್ ಬಿಡಲಿ. ಒಳಗಿನ ದುಂಡು ತಟ್ಟೆಯ ಅಂಚು ಮಾತ್ರ, ಒಂದು ಗೆರೆಯ ಹಾಗೆ ಕಾಣಬೇಕು. ನಮ್ಮದರಲ್ಲಿ ತಟ್ಟೆಯ ಮುಖವೇ ಅರ್ಧಚಂದ್ರದಂತೆ ಕಾಣುತ್ತಿತ್ತು. ಕೇಬಲಿನ ತಂತಿ ಜಗ್ಗಿ, ತುದಿಯ ಪ್ಲಾಸ್ಟಿಕ್ ಬುಷ್ ಸವೆದು, ಕೈಗೆ ಪೂರ್ತಿ ಎನಿಸಿದ್ದು ಒಳಗೆ ಮುಕ್ಕಾಲು ಮಾತ್ರ. ಅಡ್ಜಸ್ಟರ್ ನಟ್ ನಾಲ್ಕು ಸುತ್ತು ತಿರುಗಿಸಿದಾಗ ಆ ಅರ್ಧಚಂದ್ರ ಗೆರೆಯಾಯಿತು. ಅಪ್ಪಯ್ಯ ಟಾರ್ಚ್ ಹಿಡಿದು ಎರಡೆರಡು ಸಲ ಬಗ್ಗಿ ನೋಡಿದರು.

ಇದರ ಜೊತೆಗೇ ಕಿಡಿಯ ಟೈಮಿಂಗ್ ನೋಡಬೇಕು. ಈ ಮಿಷನ್‌ಗಳಲ್ಲಿ ಹ್ಯಾಂಡಲ್ ತಿರುಗಿಸಿದಾಗ ಫ್ಲೈವೀಲ್ ಕೆಳಗಿನ ಮ್ಯಾಗ್ನೆಟೋ ತಟ್ಟೆಯೂ ತಿರುಗಿ ಕಿಡಿ ಬೇಗ ಬೀಳುವಂತೆ ಮಾಡುತ್ತದೆ. ಪೂರ್ತಿ ತಿರುಗಿದಾಗ ಅದು ತನ್ನ ತಡೆಗೆ ತಾಗಬೇಕು. ಉಪ್ಪು ಹಿಡಿದು ಬಿಗಿಯಾಗಿದ್ದರೆ ಅಥವಾ ಲಿಂಕ್ ಸಡಿಲವಾಗಿದ್ದರೆ ತಾಗುವುದಿಲ್ಲ, ಕಿಡಿ ತಡವಾಗಿ ಬೀಳುತ್ತದೆ. ತೊಳೆದು, ಗ್ರೀಸ್ ಹಚ್ಚಿ, ಪುಸ್ತಕದ ಅಳತೆಗೆ ಲಿಂಕ್ ಕೂರಿಸಿ. ಬಂಡೆಗೋ ಮರಳಿಗೋ ಫ್ಯಾನ್ ಬಡಿದ ಇತಿಹಾಸ ಇದ್ದರೆ ಫ್ಲೈವೀಲ್ ಕೀಲಿಯನ್ನೂ ನೋಡಿ. ಅದು ಅರ್ಧ ಕತ್ತರಿಸಿಕೊಂಡರೂ ಮಿಷನ್ ಓಡುತ್ತಲೇ ಇರುತ್ತದೆ, ಟೈಮಿಂಗ್ ಮಾತ್ರ ತಪ್ಪಿರುತ್ತದೆ.

ಎಣ್ಣೆಯ ದಾರಿ

ಎಣ್ಣೆ ಎಂದರೆ ಇಲ್ಲಿ ಮಿಷನ್ ಉರಿಸುವ ಇಂಧನ. ಟ್ಯಾಂಕಿನಿಂದ ಶುರುಮಾಡಿ. ಮುಚ್ಚಳದ ಗಾಳಿತೂತು ಮುಚ್ಚಿದ್ದರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಮಿಷನ್ ಸೊರಗುತ್ತದೆ. ಓಡುವಾಗ ಕೈಪಂಪಿನ ರಬ್ಬರ್ ಬಲ್ಬನ್ನು ಒಬ್ಬರು ಒತ್ತಿದಾಗ ವೇಗ ಏರಿತೆಂದರೆ ಎಣ್ಣೆ ಸಾಕಾಗುತ್ತಿಲ್ಲ ಎಂದೇ ಅರ್ಥ. ಪೈಪು, ಫಿಲ್ಟರ್, ಕ್ಲಿಪ್ಪು, ಎಣ್ಣೆ ಪಂಪಿನ ಡಯಾಫ್ರಂ ಈ ಕ್ರಮದಲ್ಲಿ ನೋಡಿ. ಡಯಾಫ್ರಂ ಕಿಟ್ ಅಗ್ಗದ್ದು, ಹಳೆಯದು ಗಟ್ಟಿಯಾಗಿದ್ದರೆ ಯೋಚಿಸದೆ ಬದಲಿಸಿ.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ವಾರಗಟ್ಟಲೆ ಇಟ್ಟರೆ ನೀರು–ಎಥನಾಲ್ ಬೇರೆಯಾಗಿ ತಳಕ್ಕಿಳಿಯುತ್ತದೆ, ಮಿಷನ್ ಎಳೆದುಕೊಳ್ಳುವುದು ಮೊದಲು ಅದನ್ನೇ. ಅದರಲ್ಲಿ ಲೂಬ್ ಆಯಿಲ್ ಇರುವುದಿಲ್ಲ. ಹಳೆಯ ರಬ್ಬರ್ ಪೈಪಿನ ಒಳಪದರವೂ ಎಥನಾಲಿಗೆ ಮೆತ್ತಗಾಗಿ ಸುಲಿದು ದಾರಿ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಪೈಪು ಸರಿಯಾಗಿಯೇ ಇರುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿ, ಬೇಕಾದಷ್ಟೇ ಪೆಟ್ರೋಲ್ ತನ್ನಿ, ನೀರು ಬೇರ್ಪಡಿಸುವ ಫಿಲ್ಟರ್ ಒಂದು ಕೂರಿಸಿ.

ಆಯಿಲ್‌ನಲ್ಲಿ ಉಳಿತಾಯ ಬೇಡ. ಬೈಕಿನ ಟು-ಟಿ ಬಿಟ್ಟು ಟಿಸಿ-ಡಬ್ಲ್ಯು3 ಗುರುತಿನದ್ದನ್ನೇ ಬಳಸಿ. ಅದು ನೀರಿನಿಂದ ತಂಪಾಗುವ ಮಿಷನ್‌ಗೆಂದೇ ಬೂದಿ ಉಳಿಯದಂತೆ ಮಾಡಿದ್ದು. ಪುಸ್ತಕ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ. "ಜಾಸ್ತಿ ಹಾಕಿದರೆ ಒಳ್ಳೆಯದು" ಎಂದು ಸುರಿದರೆ ಕರಿ ಕಟ್ಟುತ್ತದೆ, ಜೊತೆಗೆ ಅಷ್ಟು ಪೆಟ್ರೋಲಿನ ಜಾಗ ಆಯಿಲ್ ತಿಂದು ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗುತ್ತದೆ.

ಸೀಮೆಎಣ್ಣೆಯ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಅದಕ್ಕೆಂದೇ ಮಾಡಿದ ಮಾದರಿಯಲ್ಲಿ ಮಾತ್ರ ಓಡಿಸಿ. ಪೆಟ್ರೋಲ್ ಮಿಷನ್‌ನ ಕಂಪ್ರೆಷನ್‌ನಲ್ಲಿ ಸೀಮೆಎಣ್ಣೆ ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ತಲೆ ತಿನ್ನುತ್ತದೆ. ಸೀಮೆಎಣ್ಣೆ ಮಾದರಿಯವರು ದಡಕ್ಕೆ ಬರುವ ಮೊದಲು ಪೆಟ್ರೋಲಿಗೆ ತಿರುಗಿಸಿಯೇ ನಿಲ್ಲಿಸಿ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಸ್ಟಾರ್ಟ್ ಕಷ್ಟ.

ಕಾರ್ಬ್ಯುರೇಟರ್, ರೀಡ್, ಕಿಡಿ

ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ, ಕ್ಲೀನರ್ ಹೊಡೆದು, ಗಾಳಿ ಊದಿ. ಪೆಟ್ರೋಲ್ ಹಾದುಬರುವ ಜೆಟ್ ತೂತಿಗೆ ಉಕ್ಕಿನ ತಂತಿ ತೂರಿಸಬೇಡಿ, ಕಣ್ಣಿಗೆ ಕಾಣದಷ್ಟು ಗೀರಿದರೂ ಅಳತೆ ಕೆಟ್ಟಿತು. ವಯರಿನೊಳಗಿನ ಒಂದು ತಾಮ್ರದ ಎಳೆ ಸಾಕು. ಫ್ಲೋಟ್ ಎತ್ತರ ಪುಸ್ತಕದ ಅಳತೆಗೆ ಇರಲಿ. ಸೇರಿಸುವಾಗ ಗ್ಯಾಸ್ಕೆಟ್ ಹೊಸದು ಹಾಕಿ. ಅಲ್ಲಿ ಗಾಳಿ ಸೋರಿದರೆ ಮಿಶ್ರಣ ಬಡವಾಗಿ, ಮಿಷನ್ ಹುರುಪಿನಿಂದ ಓಡುತ್ತಿದೆ ಎನಿಸುವಾಗಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬ್ಯುರೇಟರ್ ಹೊರಗಿರುವಾಗಲೇ ಹಿಂದಿನ ರೀಡ್ ವಾಲ್ವ್ ತೆಗೆದು ಬೆಳಕಿಗೆ ಹಿಡಿಯಿರಿ. ಎಲೆಗಳು ತಟ್ಟೆಗೆ ಅಂಟಿ ಕೂತಿರಬೇಕು. ತುದಿ ಮುರಿದಿದ್ದರೆ, ಬಗ್ಗಿದ್ದರೆ ಎಳೆದುಕೊಂಡ ಮಿಶ್ರಣ ವಾಪಸ್ ಉಗುಳುತ್ತದೆ.

ಪ್ಲಗ್ ಹೊಸದು ಹಾಕಿ, ಪುಸ್ತಕದಲ್ಲಿರುವ ಸಂಖ್ಯೆಯದ್ದೇ. ಎನ್‌ಜಿಕೆ ಪ್ಲಗ್‌ನಲ್ಲಿ ಕೊನೆಗೆ 10 ಎಂದಿದ್ದರೆ ಅಂತರ 1.0 ಮಿ.ಮೀ. ಓಡಿಸಿ ತೆಗೆದಾಗ ಒಂದು ಪ್ಲಗ್ ಒಣಗಿ ಕಂದು, ಇನ್ನೊಂದು ಎಣ್ಣೆಯಲ್ಲಿ ತೊಯ್ದಿದ್ದರೆ ನೀವು ಓಡುತ್ತಿರುವುದು ಒಂದೂವರೆ ಸಿಲಿಂಡರಿನಲ್ಲಿ. ಕಾಯಿಲ್ ಬದಲಿಸುವ ಮೊದಲು ಅದರ ಅರ್ಥ್ ವಯರ್ ಬಿಚ್ಚಿ, ತುಕ್ಕು ಉಜ್ಜಿ ಮತ್ತೆ ಬಿಗಿಯಿರಿ. ಉಪ್ಪುಗಾಳಿಯ ಊರಿನಲ್ಲಿ ಎಷ್ಟೋ ಒಳ್ಳೆಯ ಕಾಯಿಲ್‌ಗಳು ಅರ್ಥ್ ಸರಿಯಿಲ್ಲದೆ ಗುಜರಿ ಸೇರಿವೆ.

ಕರಿ ತೆಗೆಯುವುದು

ಬಿಸಿ ಮಿಷನ್ ನಿಲ್ಲಿಸಿ, ಪ್ಲಗ್ ತೆಗೆದು, ಡಿಕಾರ್ಬನ್ ಸ್ಪ್ರೇಯನ್ನು ಎರಡೂ ಸಿಲಿಂಡರಿಗೆ ಧಾರಾಳವಾಗಿ ಹೊಡೆಯಿರಿ. ಫ್ಲೈವೀಲನ್ನು ಕೈಯಲ್ಲಿ ನಿಧಾನವಾಗಿ ನಾಲ್ಕಾರು ಸುತ್ತು ತಿರುಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೂತಿಗೆ ಬಟ್ಟೆ ಹಿಡಿದು, ವಯರುಗಳನ್ನು ಅರ್ಥ್ ಮಾಡಿ, ಹಗ್ಗ ಎಳೆದು ಉಳಿದದ್ದನ್ನು ಹೊರಹಾಕಿ. ಹತ್ತಿರ ಬೀಡಿ–ಬೆಂಕಿ ಇರಕೂಡದು. ಹಳೆಯ ಪ್ಲಗ್ ಹಾಕಿ ಹೊಳೆಯಲ್ಲಿ ಭಾರದೊಂದಿಗೆ ಕಾಲು ಗಂಟೆ ಓಡಿಸಿ. ದಟ್ಟ ಹೊಗೆ ಬರುತ್ತದೆ, ಆಮೇಲೆ ತಿಳಿಯಾಗುತ್ತದೆ. ಹೊಸ ಪ್ಲಗ್ ಹಾಕಿ ಕಂಪ್ರೆಷನ್ ಮತ್ತೆ ಅಳೆಯಿರಿ. ಅಂಟಿದ್ದ ರಿಂಗ್ ಬಿಟ್ಟಿದ್ದರೆ ಅಂಕಿಯೇ ಹೇಳುತ್ತದೆ.

ಎಕ್ಸಾಸ್ಟ್ ಕವರ್ ಬಿಚ್ಚಿ ಪೋರ್ಟ್ ಕೆರೆಯುವುದು ಇದಕ್ಕಿಂತ ಪರಿಣಾಮಕಾರಿ. ಆದರೆ ಉಪ್ಪಿನಲ್ಲಿ ಹಿಡಿದುಕೊಂಡ ಬೋಲ್ಟ್ ತುಂಡಾದರೆ ಅಗ್ಗದ ಕೆಲಸ ದುಬಾರಿಯಾಗುತ್ತದೆ. ಸ್ಪ್ರೇಯಿಂದ ಗುಣ ಕಾಣದಿದ್ದರೆ ಮಾತ್ರ ಕೈ ಹಾಕಿ: ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬಿಸಿ ಮಾಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಸ್ಪ್ಯಾನರ್. ಪಿಸ್ಟನ್ ಪೋರ್ಟ್ ಮುಚ್ಚುವ ಹಾಗೆ ನಿಲ್ಲಿಸಿ ಬಿದಿರಿನ ಚಕ್ಕೆಯಿಂದ ಕೆರೆಯಿರಿ, ಸ್ಕ್ರೂ ಡ್ರೈವರ್ ಬೇಡ.

ನೀರು ಪಂಪಿನ ಇಂಪೆಲ್ಲರ್ ವರ್ಷಕ್ಕೊಮ್ಮೆ ಬದಲಿಸಿ, ಅಳಿವೆಯ ಮರಳು ಅದನ್ನು ಬೇಗ ತಿನ್ನುತ್ತದೆ. ಬಿಸಿಯಾದ ಮಿಷನ್ ಎಳೆಯುವುದಿಲ್ಲ.

ಮಿಷನ್ ಕೂತ ಎತ್ತರ

ಫ್ಯಾನಿನ ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳಕ್ಕಿಂತ ಎರಡರಿಂದ ಐದು ಸೆಂಟಿಮೀಟರ್ ಕೆಳಗಿರಲಿ. ತೀರ ಆಳವಾದರೆ ಮಿಷನ್‌ನ ಕಾಲು ನೀರನ್ನು ಸುಮ್ಮನೆ ಉಳುತ್ತದೆ. ತೀರ ಮೇಲಾದರೆ ತೆರೆಯಲ್ಲಿ ಫ್ಯಾನ್ ಗಾಳಿ ಕಚ್ಚಿ ಮಿಷನ್ ಕಿರುಚುತ್ತದೆ, ದೋಣಿ ಮಾತ್ರ ನಿಂತಲ್ಲೇ. ಕೂರಿಸುವ ಹಲಗೆಯ ಮೇಲೆ ಒಂದೊಂದು ಸೆಂಟಿಮೀಟರಿನ ಮರದ ಪಟ್ಟಿ ಇಟ್ಟು, ಪ್ರತಿ ಸಲ ಜಿಪಿಎಸ್ ನೋಡಿ. ಸಮತಟ್ಟು ಹೊಳೆಯಲ್ಲಿ ಚೆನ್ನಾಗಿ ಓಡಿದ ಎತ್ತರ ಕಡಲಿಗೆ ಸ್ವಲ್ಪ ಹೆಚ್ಚೇ ಇರುತ್ತದೆ, ಆದ್ದರಿಂದ ಕೊನೆಗೆ ಒಂದು ಪಟ್ಟಿ ಇಳಿಸಿ. ಮಿಷನ್‌ನ ಓರೆ ಹಿಡಿಯುವ ಪಿನ್ನಿನ ತೂತನ್ನೂ ಬದಲಿಸಿ ನೋಡಿ. ದೋಣಿ ಮೂಗು ಎತ್ತಲೂ ಬಾರದು, ನೀರಿಗೆ ಇರಿಯಲೂ ಬಾರದು.

ಫ್ಯಾನ್

ಇಷ್ಟೆಲ್ಲ ಸರಿಮಾಡಿದ ಮೇಲೂ ಸುತ್ತು 4,500 ಮುಟ್ಟದಿದ್ದರೆ ಫ್ಯಾನ್ ನಿಮ್ಮ ದೋಣಿಗೆ ಭಾರವಾಗಿದೆ. ನನ್ನ ಅನುಭವದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಎಳೆತ ಸಿಗುವುದು ಇಲ್ಲಿ.

ಮೊದಲು ಇರುವ ಫ್ಯಾನನ್ನೇ ಪರೀಕ್ಷಿಸಿ. ಫ್ಯಾನಿನ ಒಳಗೊಂದು ರಬ್ಬರ್ ಬುಷ್ ಇದೆ, ಬಂಡೆ ಬಡಿದಾಗ ಗೇರು ಉಳಿಯಲೆಂದು. ಅದು ಸವೆದರೆ ಭಾರ ಬಿದ್ದಾಗ ಜಾರುತ್ತದೆ: ಮಿಷನ್ ಜೋರಾಗಿ ತಿರುಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಒಳಗಿನ ಹಿತ್ತಾಳೆ ತೋಳಿನಿಂದ ಹೊರಗಿನ ಫ್ಯಾನಿನವರೆಗೆ ಒಂದೇ ನೇರ ಗೆರೆಯನ್ನು ಬಣ್ಣದಲ್ಲಿ ಎಳೆಯಿರಿ. ಒಣಗಿದ ಮೇಲೆ ಪೂರ್ತಿ ಹ್ಯಾಂಡಲ್‌ನಲ್ಲಿ ಓಡಿಸಿ ಬನ್ನಿ. ನಮ್ಮದನ್ನು ಹಾಗೆ ಓಡಿಸಿ ತಂದಾಗ ಒಳಗಿನ ಗೆರೆ ಹೊರಗಿನದಕ್ಕಿಂತ ಕಾಲು ಸುತ್ತು ಆಚೆ ನಿಂತಿತ್ತು. ಅಳಿವೆಯಲ್ಲಿ ದೋಣಿ ಅಡ್ಡ ತಿರುಗಿದ್ದು ಏಕೆಂದು ಅವತ್ತು ಗೊತ್ತಾಯಿತು. ಬುಷ್ ಒಂದನ್ನೇ ಹೊಸದಾಗಿ ಒತ್ತಿಸಿ ಕೂರಿಸಲು ಆಗುತ್ತದೆ. ಎಲೆಯ ಅಂಚಿನ ಸಣ್ಣ ಏಟುಗಳನ್ನು ಅರದಿಂದ ತಿದ್ದಿ. ಬಗ್ಗಿದ್ದರೆ, ಚೂರು ಹಾರಿದ್ದರೆ ಅಲ್ಯುಮಿನಿಯಂ ವೆಲ್ಡಿಂಗ್ ಬಲ್ಲವರ ಬಳಿ ತುಂಬಿಸಿ ಮೂರೂ ಎಲೆ ಒಂದೇ ತೂಕಕ್ಕೆ ತರಿಸಿ. ಒಂದು ಎಲೆ ಭಾರವಾದರೆ ನಡುಗಿ ಗೇರಿನ ಸೀಲು ಹೋಗುತ್ತದೆ.

ಹೊಸದು ಕೊಳ್ಳುವುದಾದರೆ ಎರಡು ಅಳತೆ ನೋಡಬೇಕು: ಅಡ್ಡಗಲ ಮತ್ತು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 9 ಎಂದರೆ ಜಾರದಿದ್ದರೆ ಒಂದು ಸುತ್ತಿಗೆ 9 ಇಂಚು ಮುಂದೆ ಹೋಗಬೇಕು ಎಂದರ್ಥ. ಗೇರು ಅನುಪಾತ 2.08 ಇರುವ ಮಿಷನ್ 5,000 ಸುತ್ತು ಹೊಡೆದರೆ ಫ್ಯಾನ್ ಸುಮಾರು 2,400 ಸುತ್ತುತ್ತದೆ. 9 ಪಿಚ್‌ಗೆ ಲೆಕ್ಕದಲ್ಲಿ ಗಂಟೆಗೆ 33 ಕಿ.ಮೀ., 7 ಪಿಚ್‌ಗೆ ಸುಮಾರು 26. ಬಲೆ ಹೊತ್ತ ನಾಡದೋಣಿ ಈ ಎರಡರ ಹತ್ತಿರಕ್ಕೂ ಹೋಗುವುದಿಲ್ಲ. ಅಂದ ಮೇಲೆ 9 ಪಿಚ್ ನಮಗೆ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಲಾರಿ ಓಡಿಸಿದ ಹಾಗೆ. ಹಗುರ ದೋಣಿಗಳಿಗೆಂದು ಕೊಟ್ಟ ಫ್ಯಾನನ್ನು ಭಾರದ ದೋಣಿಗೆ ಹಾಕಿಕೊಂಡು ಎಷ್ಟೋ ಮಂದಿ ಮಿಷನ್ನನ್ನು ಬೈಯುತ್ತಿದ್ದಾರೆ.

ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. 4,200ರಲ್ಲಿ ನಿಂತ ಮಿಷನ್‌ಗೆ ಎರಡು ಇಂಚು ಇಳಿಸಿದರೆ 4,500 ಮುಟ್ಟುತ್ತದೆ. ಕೊಳ್ಳುವ ಮುಂಚೆ ಊರಿನಲ್ಲಿ ಅದೇ ಮಾದರಿ ಮಿಷನ್ ಇರುವ ಬೇರೆ ದೋಣಿಯವರಿಂದ ಒಂದು ದಿನಕ್ಕೆ ಕೇಳಿ ತಂದು ಓಡಿಸಿ ನೋಡಿ. ಇನ್ನೊಂದು ಕಡೆ, ದೋಣಿ ಖಾಲಿ ಇರುವಾಗ 5,500 ಮೀರಿ ಕಿರುಚುವಷ್ಟು ಪಿಚ್ ಇಳಿಸಬೇಡಿ. ಖಾಲಿ ದೋಣಿಯಲ್ಲಿ ಹ್ಯಾಂಡಲ್ ಸ್ವಲ್ಪ ಹಿಂದೆ ಹಿಡಿಯುವ ಅಭ್ಯಾಸವೂ ಬೇಕಾಗುತ್ತದೆ.

9.9ನ್ನು 15 ಮಾಡುವ ಮಾತು

ಇದನ್ನು ಎಲ್ಲರೂ ಕೇಳುತ್ತಾರೆ, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ. ಕೆಲವು ಕಂಪನಿಗಳ 9.9 ಮತ್ತು 15 ಒಂದೇ ಬ್ಲಾಕ್. ಜಾನ್ಸನ್ ಮತ್ತು ಎವಿನ್ರೂಡ್ 1974ರಿಂದ ಹಾಗೆ ಮಾಡಿದವು, ಆಗಿನ ಜೋಡಿಗಳಲ್ಲಿ ಮುಖ್ಯ ವ್ಯತ್ಯಾಸ ಕಾರ್ಬ್ಯುರೇಟರಿನ ಬಾಯಿಯ ಅಗಲ. ಯಮಹಾದ 246 ಸಿಸಿ ಬ್ಲಾಕ್ ಕೂಡ ಎರಡೂ ಅಶ್ವಶಕ್ತಿಯಲ್ಲಿ ಬಂದಿದೆ. ನಿಮ್ಮದು ಅಂಥದ್ದೇ ಎಂದು ಕಂಡುಹಿಡಿಯಲು ಎರಡೂ ಮಾದರಿಯ ಬಿಡಿಭಾಗಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಕಾರ್ಬ್ಯುರೇಟರ್, ಜೆಟ್, ರೀಡ್, ಎಕ್ಸಾಸ್ಟ್ ಟ್ಯೂಬ್, ಹೆಡ್ ಇವುಗಳ ನಂಬರ್ ಹೋಲಿಸಿ. ಸಿಸಿಯೇ ಬೇರೆಯಿದ್ದರೆ ಅಲ್ಲಿಗೇ ಬಿಡಿ.

ಮಾಡಿದರೆ ಅದು 15ರ ಮಿಷನ್. ಮಳೆಗಾಲದ 10ರ ಮಿತಿಯೊಳಗೆ ಅದು ಬರುವುದಿಲ್ಲ, ದೋಣಿಯ ನೋಂದಣಿ ಪತ್ರದಲ್ಲಿನ ಅಶ್ವಶಕ್ತಿಗೂ ತಾಳೆಯಾಗುವುದಿಲ್ಲ, ಅವಘಡವಾದ ದಿನ ವಿಮೆಯ ಪ್ರಶ್ನೆ ಏಳುತ್ತದೆ. ಮನೆಯವರು ಪರಿಹಾರಕ್ಕೆ ಓಡಾಡುವಾಗ ಈ ಒಂದು ಅಂಕಿ ಅಡ್ಡ ಬರಬಾರದು. ಬೇಕೇ ಬೇಕೆಂದರೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಪತ್ರ ತಿದ್ದಿಸಿ, ಆಮೇಲೆ ಕೈ ಹಾಕಿ.

ಹೆಡ್ ತೇಯಿಸಿ ಕಂಪ್ರೆಷನ್ ಏರಿಸುವುದು, ಪೋರ್ಟ್ ಅಗಲಿಸುವುದು, ಜೆಟ್ ಚಿಕ್ಕದು ಮಾಡುವುದು ಇವು ಬೇಡವೇ ಬೇಡ. ಸೀಮೆಎಣ್ಣೆ ಮಿಷನ್‌ನಲ್ಲಂತೂ ಹೆಡ್ ತೇಯಿಸುವುದು ಪಿಸ್ಟನ್ನಿಗೆ ಗುಂಡಿ ತೋಡಿದಂತೆ. ದಡದಿಂದ ದೂರ ಕೆಟ್ಟು ನಿಲ್ಲಬಹುದಾದ ಶಕ್ತಿ ನಮಗೆ ಬೇಡ.

ಮತ್ತೆ ಅದೇ ಜಾಗದಲ್ಲಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೊದಲು ಅಳೆದ ಜಾಗದಲ್ಲೇ, ಅಷ್ಟೇ ಭಾರದೊಂದಿಗೆ ಮತ್ತೆ ಅಳೆಯಿರಿ. ಕೊನೆಯ ಓಟದಲ್ಲಿ ಪೂರ್ತಿ ಹ್ಯಾಂಡಲ್‌ನಿಂದ ನೇರ ಬಂದ್ ಮಾಡಿ ಪ್ಲಗ್ ತೆಗೆದು ನೋಡಿ. ಪಿಂಗಾಣಿ ತಿಳಿಕಂದು ಇದ್ದರೆ ಸರಿ. ಸುಣ್ಣದಂತೆ ಬಿಳಿಯಾಗಿದ್ದರೆ ಮಿಶ್ರಣ ಬಡವಾಗಿದೆ, ಕಡಲಿಗೆ ಹೋಗಬೇಡಿ, ಎಣ್ಣೆಯ ದಾರಿಯನ್ನು ಇನ್ನೊಮ್ಮೆ ನೋಡಿ. ಎಲ್ಲ ಸರಿಯಿದ್ದರೆ ಹುಡ್ಡಿನ ಒಳಮೈಗೆ ಅಳಿಸದ ಮಾರ್ಕರಿನಲ್ಲಿ ತಾರೀಕು, ಸುತ್ತು, ವೇಗ, ಎರಡೂ ಸಿಲಿಂಡರಿನ ಕಂಪ್ರೆಷನ್, ಫ್ಯಾನಿನ ಪಿಚ್ ಬರೆದಿಡಿ. ನಮ್ಮ ಮಿಷನ್‌ನ ಹುಡ್ಡಿನೊಳಗೆ ಈಗ ಹಾಗೆ ಬರೆದ ಸಾಲುಗಳಿವೆ, ಮೇ ಕೊನೆಯ ವಾರದಲ್ಲಿ ಪ್ರತಿ ವರ್ಷ ಒಂದು ಸಾಲು. ಕೆಳಗಿನ ಎರಡು ಅಪ್ಪಯ್ಯನ ಕೈಬರಹ.